ನಿಂತವರ ಪಾಲು

ಅಭಿನವ ನಡೆಸುವ ಆಟದಲ್ಲಿ ನ್ಯಾಯ ಸಿಗಬೇಕಾದರೆ ಮೊದಲು ಕಾಲ ಮೇಲೆ ನಿಂತಿರಬೇಕಿತ್ತು. ಕಾಳಗ ಮುಗಿದಾಗ ಯಾರು ಇನ್ನೂ ನಿಂತಿದ್ದಾರೋ ಅವರಿಗಷ್ಟೇ ಎಕ್ಸ್‌ಪಿ, ಅಂದರೆ ಅನುಭವದ ಅಂಕ. ಸತ್ತ ರಾಕ್ಷಸನಿಗೆ ಎಷ್ಟು ಅಂಕವೋ ಅಷ್ಟನ್ನೂ ನಿಂತವರಿಗೆ ಸಮನಾಗಿ ಹಂಚುವುದು, ಬಿದ್ದವರಿಗೆ ಸೊನ್ನೆ. ಆಟದ ಪುಸ್ತಕದಲ್ಲಿ ಹೀಗೆಂದು ಎಲ್ಲೂ ಬರೆದಿರಲಿಲ್ಲ. ಇದು ಅಭಿನವನ ಸ್ವಂತ ಕಾನೂನು, ಅದರ ಬಗ್ಗೆ ಅವನಿಗೆ ಹೆಮ್ಮೆ ಬೇರೆ.

ಪ್ರತಿ ಭಾನುವಾರ ಮಧ್ಯಾಹ್ನ ಚಾಮರಾಜಪುರಂನ ಅವನ ಮನೆಯ ಮಹಡಿ ಕೋಣೆಯಲ್ಲಿ ನಾಲ್ವರು ಸೇರುತ್ತಿದ್ದರು. ಅಭಿನವ ರಟ್ಟಿನ ಪರದೆಯ ಹಿಂದೆ ಕೂತು ಕಥೆ ಹೇಳುತ್ತಿದ್ದ, ರಾಕ್ಷಸರನ್ನು ಆಡಿಸುತ್ತಿದ್ದ. ಉಳಿದ ಮೂವರಿಗೆ ಒಂದೊಂದು ಪಾತ್ರ. ಏನು ಮಾಡುತ್ತೇವೆಂದು ಅವರು ಹೇಳಬೇಕು, ಆಯಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳಬೇಕು, ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು. ಯಶಸ್ ಬಿಲ್ಲುಗಾರ. ಗಾರ್ಗಿ ಮಂತ್ರವಾದಿ, ಬೆಂಕಿ ಎಸೆಯುವುದೂ ಅವಳೇ, ಗಾಯ ಮಾಯಿಸುವುದೂ ಅವಳೇ. ಇಬ್ಬರೂ ನಾಲಿಗೆ ತಿರುಗದ ಹೆಸರುಗಳನ್ನು ಎಲ್ಲಿಂದಲೋ ತಂದು ಇಟ್ಟುಕೊಂಡಿದ್ದರು. ನಯನಾ ಮಾತ್ರ ತನ್ನ ಗುರಾಣಿಯವಳಿಗೆ ಸ್ವಂತ ಅಜ್ಜಿಯ ಹೆಸರನ್ನೇ ಇಟ್ಟಳು: ದೇವಿರಮ್ಮ. ಮೊದಲ ದಿನ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆಗ ನಯನಾಳೂ ನಕ್ಕಿದ್ದಳು.

ಗುರಾಣಿಯವಳ ಕೆಲಸವೇ ಮುಂದೆ ನಿಂತು ಏಟು ತಿನ್ನುವುದು. ದೇವಿರಮ್ಮ ತಿಂದಳು. ಹೆಬ್ಬಾವು ಸುತ್ತಿದಾಗ ತಿಂದಳು, ಕಲ್ಲುಬೊಂಬೆ ಗುದ್ದಿದಾಗ ತಿಂದಳು. ಅವಳ ಬೆನ್ನ ಹಿಂದೆ ತಣ್ಣಗೆ ನಿಂತು ಯಶಸ್ ಬಾಣ ಬಿಡುತ್ತಿದ್ದ, ಗಾರ್ಗಿ ಬೆಂಕಿ ಎಸೆಯುತ್ತಿದ್ದಳು. ದೊಡ್ಡ ಕಾಳಗ ಮುಗಿಯುವ ಹೊತ್ತಿಗೆ ದೇವಿರಮ್ಮ ಮಣ್ಣು ಮುಕ್ಕಿ ಬಿದ್ದಿರುತ್ತಿದ್ದಳು, ಅವಳ ಪಾಲೂ ಸೇರಿ ಅಂಕವೆಲ್ಲ ಹಿಂದಿನವರಿಗೆ. ಕಳೆದ ವಾರ ನಯನಾ ಬಾಯಿ ಬಿಟ್ಟು ಕೇಳಿದ್ದಳು. ಯಶಸ್‌ನ ಚೀಲದಲ್ಲಿ ಔಷಧದ ಬಾಟಲಿ ಇತ್ತು, ಕುಡಿಸಿದ್ದರೆ ದೇವಿರಮ್ಮ ಏಳುತ್ತಿದ್ದಳು. "ನನ್ನ ಚಾನ್ಸ್ ವೇಸ್ಟ್ ಆಗುತ್ತೆ ಕಣೇ," ಎಂದಿದ್ದ ಅವನು, ಚಿಪ್ಸ್ ಅಗಿಯುತ್ತಾ.

ಆಟ ತಾನೇ, ಹೋಗಲಿ ಬಿಡು ಎನ್ನಬಹುದು. ವಾರವಿಡೀ ಹೆಬ್ಬಾಳದ ಕಾರ್ಖಾನೆಯಲ್ಲಿ ನಿಂತುಕೊಂಡು ಬೇರಿಂಗ್ ಪರೀಕ್ಷೆ ಮಾಡಿ, ಈ ಒಂದು ಮಧ್ಯಾಹ್ನಕ್ಕಾಗಿ ಕಂಡಕಂಡವರ ಹತ್ತಿರ ಹಲ್ಲುಗಿಂಜಿ ಶಿಫ್ಟ್ ಬದಲಾಯಿಸಿಕೊಂಡು ಬರುವವಳಿಗೆ ಹಾಗೆನ್ನಲು ಬರುವುದಿಲ್ಲ. ಅದರ ಮೇಲೆ ಅಭಿನವ ವಾಟ್ಸ್ಯಾಪ್ ಗುಂಪಿನಲ್ಲಿ ಹೊಸ ಫರ್ಮಾನು ಹೊರಡಿಸಿದ್ದ. ಮುಂದಿನ ತಿಂಗಳ ದಂಡಯಾತ್ರೆಗೆ ಐದನೇ ಲೆವೆಲ್ ಮುಟ್ಟಿದವರು ಮಾತ್ರ. ಮುಟ್ಟದವರ ಜಾಗಕ್ಕೆ ಅವನ ಚಿಕ್ಕಪ್ಪನ ಮಗಳು ಲಹರಿ. ಯಶಸ್, ಗಾರ್ಗಿ ಎಂದೋ ಐದು ದಾಟಿದ್ದರು. ಸಣ್ಣಪುಟ್ಟ ಜಗಳಗಳಲ್ಲಿ ಸಿಕ್ಕ ಚೂರುಪಾರು ಕೂಡಿಸಿ ನಯನಾ ನಾಲ್ಕರ ತುದಿಯಲ್ಲಿದ್ದಳು. ಇವತ್ತಿನದು ಅದಕ್ಕೂ ಮುಂಚಿನ ಕೊನೆಯ ಕಾಳಗ. ಪಾಲು ಸಿಕ್ಕರೆ ಕುರ್ಚಿ ಅವಳದು, ಇಲ್ಲದಿದ್ದರೆ ಲಹರಿಯದು.

"ಗವಿಯೊಳಗಿಂದ ಮೂರು ತಲೆಯ ರಾಕ್ಷಸ ಬರ್ತಿದಾನೆ," ಎಂದ ಅಭಿನವ. ಎನ್ನುತ್ತಲೇ ಕೈಚಾಚಿ, ಅವಳನ್ನು ಒಂದು ಮಾತೂ ಕೇಳದೆ, ದೇವಿರಮ್ಮನ ಬೊಂಬೆಯನ್ನು ಎತ್ತಿ ಗವಿಯ ಬಾಯಿಗೆ ಇಟ್ಟ. ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಬೊಂಬೆ. ಅದಕ್ಕೆ ಕೆಂಪು ಸೀರೆಯ ಬಣ್ಣ ಬಳಿದವಳು ನಯನಾ.

ಅವಳ ಮೈ ಉರಿದುಹೋಯಿತು. ಬೊಂಬೆಯನ್ನು ಎತ್ತಿ ತಂದು ಎಲ್ಲರಿಗಿಂತ ಹಿಂದೆ, ಬಂಡೆಯ ಮರೆಗೆ ಇಟ್ಟಳು.

"ಏನೇ ಇದು? ಬಾಗಿಲಿಗೆ ಯಾರು ನಿಂತ್ಕೋತಾರೆ?" ಎಂದಳು ಗಾರ್ಗಿ.

"ನೀನೇ ನಿಂತ್ಕೋ. ಐದನೇ ಲೆವೆಲ್ ಅಲ್ವಾ?"

ತಮಾಷೆ ಇರಬೇಕೆಂದು ಗಾರ್ಗಿ ನಕ್ಕಳು. ರಾಕ್ಷಸ ನಗಲಿಲ್ಲ. ಎದುರಿಗೆ ಗುರಾಣಿ ಇಲ್ಲದ ಕಾರಣ ನೇರವಾಗಿ ಅವಳ ಮೇಲೇ ಬಂದ. ಬೆಂಕಿ ಎಸೆದು ಅವನ ಒಂದು ತಲೆ ಸುಟ್ಟಳು, ಮರುಕ್ಷಣವೇ ಒಂದೇ ಗುದ್ದಿಗೆ ಉರುಳಿದಳು. ಯಶಸ್‌ನ ಬಾಣಗಳು ಇನ್ನೊಂದು ತಲೆ ತೆಗೆದವು. ಆಮೇಲೆ ಅವನಿಗೆ ತಿಳಿಯಿತು, ಏಟು ತಿನ್ನುವುದೆಂದರೆ ಏನೆಂದು. ಅವನೂ ಬಿದ್ದ.

"ನಯನಾ, ನನ್ನ ಚೀಲದಲ್ಲಿ ಔಷಧ ಇದೆ. ಬೇಗ ಕುಡಿಸು, ಇಲ್ದಿದ್ರೆ ಇಬ್ರೂ ಸತ್ತೇ ಹೋಗ್ತೀವಿ!"

"ನನ್ ಚಾನ್ಸ್ ವೇಸ್ಟ್ ಆಗೋಯ್ತದೆ ಕಣೋ," ಎಂದಳು ನಯನಾ.

ಸಿಟ್ಟು ಬಂದರೆ ಅವಳ ಬಾಯಿಗೆ ಮನೆಯ ಮಾತು ಬರುತ್ತಿತ್ತು. ಬೇರೆ ದಿನವಾಗಿದ್ದರೆ ಯಶಸ್ ಅದನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದ. ಇವತ್ತು ಅವನ ಮುಖ ಇಂಗು ತಿಂದ ಮಂಗನಂತಾಗಿತ್ತು. ಅದನ್ನು ನೋಡಿ ಅವಳಿಗೆ ಸಂತೋಷವಾಯಿತು. ಮುಚ್ಚಿಡುವುದೇಕೆ, ಬಹಳವೇ ಸಂತೋಷವಾಯಿತು.

ಬಂಡೆಯ ಮರೆಯಿಂದ ದೇವಿರಮ್ಮ ಹೊರಬಂದಳು. ಉಳಿದ ಒಂದು ತಲೆ ಅವಳತ್ತ ತಿರುಗಿತು. ಅಭಿನವ ಎಂದಿನಂತೆ ಪರದೆಯ ಹಿಂದೆ ದಾಳ ಕುಲುಕತೊಡಗಿದ.

"ಪರದೆ ತೆಗಿ," ಎಂದಳು ನಯನಾ.

"ನನ್ನ ಮೇಲೆ ನಂಬಿಕೆ ಇಲ್ವಾ?"

"ಇಲ್ಲ."

ಅಭಿನವ ಕಿವಿ ಕೆಂಪಗೆ ಮಾಡಿಕೊಂಡು ಪರದೆ ಮಡಚಿಟ್ಟ, ಎಲ್ಲರ ಕಣ್ಣೆದುರು ದಾಳ ಎಸೆದ. ಎರಡು ಬಿತ್ತು. ರಾಕ್ಷಸನ ಗದೆ ಗಾಳಿಗೆ ಗುದ್ದಿತು. ನಯನಾಳ ದಾಳ ಮೇಜಿನ ಅಂಚಿನವರೆಗೂ ಉರುಳಿ ಹದಿನೇಳಕ್ಕೆ ನಿಂತಿತು. ದೇವಿರಮ್ಮನ ಕತ್ತಿ ಹೋದ ಕಡೆ ಮೂರನೆಯ ತಲೆ ಇರಲಿಲ್ಲ.

"ಅಂಕ ಯೋಳು," ಎಂದಳು ನಯನಾ.

ಅಭಿನವ ಬಾಟಲಿಯಿಂದ ನೀರು ಕುಡಿದ. ಮುಚ್ಚಳವನ್ನು ಬೇಕಾದ್ದಕ್ಕಿಂತ ನಿಧಾನವಾಗಿ ತಿರುಗಿಸಿದ. "ಇವತ್ತು ಎಕ್ಸ್‌ಪಿ ಇಲ್ಲ."

"ಯಾಕೆ?"

"ನೀನು ನಿನ್ನ ಪಾತ್ರದ ಥರ ಆಡಲಿಲ್ಲ. ಗುರಾಣಿಯವಳು ಜೊತೆಯವರನ್ನ ಕಾಪಾಡಬೇಕು. ಇದು ಮೋಸ."

"ಸಾವಿರದ ಎಂಟುನೂರು ಅಂಕದ ರಾಕ್ಷಸ ಕಣೋ ಅದು," ಯಶಸ್ ಗೊಣಗಿದ. "ಎಲ್ಲಾನೂ ಇವಳೊಬ್ಬಳಿಗೇ ಕೊಟ್ಟರೆ ಆಯ್ತು ಬಿಡು. ನಾವು ಎರಡು ತಲೆ ತೆಗೆದಿಲ್ವಾ? ಮೂರು ಪಾಲು ಮಾಡು."

"ಮಾಡು," ಎಂದಳು ನಯನಾ. "ಇಷ್ಟು ದಿನ ನಾನ್ ಬಿದ್ದಿದ್ದಾಗಿಂದು ಎಲ್ಲಾನೂವೆ ಮೂರು ಪಾಲು ಮಾಡು. ಹೆಬ್ಬಾವಿಂದು, ಕಲ್ಲುಬೊಂಬೆದು. ಆಮೇಲೆ ಇದ್ನೂ ಮಾಡಿವಂತೆ."

"ಅದೆಲ್ಲ ಮುಗಿದ ಕಥೆ. ಅದನ್ನ ಈಗ ಯಾಕೆ ಕೆದಕ್ತೀಯ?" ಎಂದಳು ಗಾರ್ಗಿ. "ಒಂದು ಆಟಕ್ಕೆ ಇಷ್ಟು ಜಿದ್ದು ಯಾಕೆ ನಿಂಗೆ?"

ಅಷ್ಟರಲ್ಲಿ ಮಹಡಿ ಮೆಟ್ಟಿಲು ಹತ್ತಿ ಅಭಿನವನ ಅಜ್ಜಿ ರಮಾಮಣಿ ಬಂದರು, ಕೈಯಲ್ಲಿ ಕೋಡುಬಳೆಯ ತಟ್ಟೆ. ಈ ಆಟದ ತಲೆಬುಡ ಅವರಿಗೆ ತಿಳಿಯದು. ಆದರೂ ಪ್ರತಿ ವಾರ ಕೇಳುವ ಪ್ರಶ್ನೆ ಒಂದೇ. "ಯಾರ್ರಪ್ಪಾ ಗೆದ್ದಿದ್ದು ಇವತ್ತು?"

"ನಾನು ಅಜ್ಜಿ," ಎಂದಳು ನಯನಾ.

"ಒಳ್ಳೇದಾಯ್ತಮ್ಮ. ಪಾಪ, ಯಾವಾಗ್ಲೂ ನೀನೇ ಸಾಯ್ತಿದ್ದೆ. ಇವರ್ಯಾಕೆ ಹೀಗೆ ಮುಖ ಊದಿಸ್ಕೊಂಡಿದಾರೆ? ಮುಂದಿನ ಭಾನುವಾರ ನಿಪ್ಪಟ್ಟು ಮಾಡ್ತೀನಿ, ಎಲ್ಲರೂ ಬನ್ನಿ."

"ಮುಂದಿನ ಭಾನುವಾರ ಆಟ ಇಲ್ಲ ಅಜ್ಜಿ," ಎಂದ ಅಭಿನವ, ನಯನಾಳ ಕಡೆ ನೋಡದೆ. "ನಿಲ್ಲಿಸ್ಬಿಟ್ವಿ."

ಯಾವಾಗ ನಿಲ್ಲಿಸಿದ್ದು ಎಂದು ಯಶಸ್ ಕೇಳಲಿಲ್ಲ. ಗಾರ್ಗಿಯೂ ಕೇಳಲಿಲ್ಲ. ಇಬ್ಬರೂ ತಟ್ಟೆಯತ್ತ ಕೈಚಾಚಿದರು. ನಯನಾಳಿಗೆ ಅಷ್ಟು ಸಾಕಾಯಿತು. ಅವಳೊಬ್ಬಳ ಕುರ್ಚಿ ತೆಗೆಯಲು ಇವರು ಕಾನೂನು ಮಾಡಿಕೊಂಡಿದ್ದರು. ಆ ಕಾನೂನಿನಲ್ಲೇ ಅವಳು ಗೆದ್ದಾಗ ಆಟವನ್ನೇ ಎತ್ತಿಟ್ಟರು. ಅವಳು ಬೊಂಬೆಯನ್ನು ಜೇಬಿಗೆ ಹಾಕಿಕೊಂಡಳು, ಅಜ್ಜಿಯ ಮನಸ್ಸು ನೋಯಬಾರದೆಂದು ಒಂದು ಕೋಡುಬಳೆ ತೆಗೆದುಕೊಂಡು ಮೆಟ್ಟಿಲಿಳಿದಳು.

ಬಸ್ ನಿಲ್ದಾಣದಲ್ಲಿ ಬಿಸಿಲು ಇನ್ನೂ ಇಳಿದಿರಲಿಲ್ಲ. ಹೆಬ್ಬಾಳದ ಬಸ್ಸಿನ ಸುಳಿವಿಲ್ಲ. ಜೇಬಿನಲ್ಲಿ ಫೋನು ಗುಂಯ್ ಎಂದಿತು. ತೆಗೆದು ನೋಡಿದರೆ, ಭಾನುವಾರದ ಗುಂಪಿನಿಂದ ಅಭಿನವ ಹೊರಹೋಗಿದ್ದ. ಅವಳು ನೋಡುತ್ತಿದ್ದಂತೆಯೇ ಯಶಸ್ ಹೊರಗೆ. ಗಾರ್ಗಿಯ ಸಾಲು ಬರಲು ಸ್ವಲ್ಪ ತಡವಾಯಿತು. ಅವಳಾದರೂ ಉಳಿದಾಳೇನೋ ಎಂದು ನಯನಾ ಆಸೆಪಟ್ಟಳು. ಆಸೆಪಟ್ಟದ್ದಕ್ಕೆ ತನ್ನ ಮೇಲೇ ಸಿಟ್ಟುಬಂತು. ಗಾರ್ಗಿಯೂ ಹೋದಳು. ಹೊಸ ಗುಂಪು ಆಗಲೇ ತಯಾರಾಗಿರಬೇಕು, ಲಹರಿಯೂ ಅದರಲ್ಲಿ ಇರಬೇಕು. ಇನ್ನು ಮುಂದೆ ಈ ಗುಂಪಿಗೆ ನೀವೇ ಅಡ್ಮಿನ್ ಎಂದು ಫೋನು ಮರ್ಯಾದೆಯಿಂದ ತಿಳಿಸಿತು.

ಕಣ್ಣು ತುಂಬಿ ಬಂತು, ಬೈಗುಳವೂ ಬಾಯಿಗೆ ಬಂತು. ಎರಡನ್ನೂ ನುಂಗಿಕೊಂಡು ಅವಳು ಯಾರೂ ಇಲ್ಲದ ಆ ಗುಂಪಿನಲ್ಲಿ ಬೆರಳೊತ್ತಿ ಬರೆದಳು: "ಕಾಳಗ ಮುಗಿದಾಗ ನಿಂತಿದ್ದವರು ಒಬ್ಬರೇ. ದೇವಿರಮ್ಮ. ಸಾವಿರದ ಎಂಟುನೂರು ಅಂಕ. ಐದನೇ ಲೆವೆಲ್."

ಕಳಿಸಿ, ಫೋನು ಜೇಬಿಗಿಟ್ಟು, ಬಸ್ಸು ಬರುವ ದಿಕ್ಕಿಗೆ ನೋಡುತ್ತಾ ನಿಂತಳು.