ಸೂಜಿಗೆ ಬಾಯಿ ಬಿಡದವರು

ಗಂಡನನ್ನು ಕಣ್ಣು ಮುಚ್ಚಿಸಿ ಕೂರಿಸಿ ಡಾಕ್ಟರರು ಸೂಜಿಯಿಂದ ಚುಚ್ಚುತ್ತಿದ್ದರೆ ನನಗೆ ಸಿಟ್ಟು ಬಂದದ್ದು ಡಾಕ್ಟರರ ಮೇಲಲ್ಲ, ಚುಚ್ಚಿಸಿಕೊಂಡು ಸುಮ್ಮನಿದ್ದವರ ಮೇಲೆ.

ಐವತ್ತೆಂಟನೆಯ ಇಸವಿ. ಮದ್ರಾಸಿನ ತಿರುವಲ್ಲಿಕ್ಕೇಣಿಯ ಹೋಟೆಲೊಂದರಲ್ಲಿ ನಮ್ಮ ಯಜಮಾನರು ಮುಖ್ಯ ಅಡಿಗೆಯವರು. ನಾನು ಹಿಂದಿನ ಜಗಲಿಯಲ್ಲಿ ಬೇಳೆ ಆರಿಸುತ್ತಿದ್ದೆ. ಹಿತ್ತಿಲ ಬದಿಯ ಒಂದು ಕೋಣೆಯನ್ನು ಧಣಿಗಳು ನಮಗೆ ಬಿಟ್ಟುಕೊಟ್ಟಿದ್ದರು. ಆ ಕೆಲಸ ಹೋದರೆ ಕೋಣೆಯೂ ಹೋಗುತ್ತಿತ್ತು, ಇಬ್ಬರು ಹೆಣ್ಣುಮಕ್ಕಳ ಶಾಲೆಯೂ ಹೋಗುತ್ತಿತ್ತು.

ಆ ಅಡಿಗೆಮನೆಗೆ ತನ್ನದೇ ಒಂದು ಪರೀಕ್ಷೆ ಇತ್ತು. ಹೊಸದಾಗಿ ಬಂದವನು ಕಾದ ಕಾವಲಿಯ ಅಂಚಿಗೆ ಬೆರಳು ಇಡಬೇಕು. ತಟ್ಟನೆ ಹಿಂದೆಗೆದರೆ ಅವನು ಅಡಿಗೆಯವನಲ್ಲ. ಈ ಪರೀಕ್ಷೆ ಮಾಡುತ್ತಿದ್ದವರು ನಮ್ಮ ಯಜಮಾನರೇ. ಸುಡುವ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಏನೂ ಆಗದವರಂತೆ ಎಲೆಯಡಿಕೆ ಹಾಕಿಕೊಳ್ಳುವುದೆಂದರೆ ಇವರಿಗೆ ದೊಡ್ಡ ಹೆಮ್ಮೆ. ಭೋಜರಾಜ ಕೆಲಸಕ್ಕೆ ಸೇರಿದ ದಿನ ಬೆರಳನ್ನು ಹಿಂದಕ್ಕೆಳೆದುಕೊಂಡಿದ್ದ. "ಎಂತ ಮಾರಾಯ, ಬೆಣ್ಣೆಯಲ್ಲಿ ಮಾಡಿದ ಕೈಯಾ?" ಎಂದರು ಇವರು. ಅಂದಿನಿಂದ ಎಂಟು ವರ್ಷ, ಎಂಜಲೆಲೆ ತೆಗೆಯುವವರಿಗೂ ಅವನು ಬೆಣ್ಣೆಕೈ ಭೋಜ. ಇವರ ನಂತರದ ಎರಡನೇ ಒಲೆಗೆ ಬಂದ ಮೇಲೂ ಆ ಹೆಸರು ಅವನನ್ನು ಬಿಡಲಿಲ್ಲ.

ಆ ಬೇಸಿಗೆಯಲ್ಲಿ ಇವರ ಎಡತೋಳಿನ ಮೇಲೆ ಬೆಳ್ಳಗಿನ ಒಂದು ಮಚ್ಚೆ ಕಾಣಿಸಿತು. ಒಂದು ದಿನ ಎಣ್ಣೆ ಅದರ ಮೇಲೆಯೇ ಸಿಡಿಯಿತು. ಇವರು ತಿರುಗಿಯೂ ನೋಡಲಿಲ್ಲ. ಭೋಜರಾಜ ನೇರವಾಗಿ ಧಣಿಗಳ ಹತ್ತಿರ ಹೋದ.

"ಬಿಳಿ ಮಚ್ಚೆ ಉಂಟು, ಸುಟ್ಟರೆ ಗೊತ್ತಾಗುವುದಿಲ್ಲ. ಅದು ಎಂತ ರೋಗ ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ. ಗಿರಾಕಿಗಳಿಗೆ ಗೊತ್ತಾದರೆ ನಾಳೆ ನಮ್ಮ ಇಡ್ಲಿ ನಾಯಿಯೂ ಮೂಸುವುದಿಲ್ಲ."

ಧಣಿಗಳು ಇವರನ್ನು ಅಡಿಗೆಮನೆಯ ಹೊಸ್ತಿಲ ಹೊರಗೇ ನಿಲ್ಲಿಸಿ ಮಾತಾಡಿದರು. "ಸುಬ್ರಾಯರೇ, ಆಸ್ಪತ್ರೆಗೆ ತೋರಿಸಿ ಬನ್ನಿ. ಭೋಜರಾಜ ಜೊತೆಗೆ ಬರ್ತಾನೆ. ಡಾಕ್ಟರು ಹೇಳಿದ್ದನ್ನು ಅವನು ಬಂದು ನನಗೆ ಹೇಳಲಿ. ರೋಗ ಅಂತಾದರೆ ನೀವು ಒಲೆಯನ್ನೂ ಬಿಡಬೇಕು, ಕೋಣೆಯನ್ನೂ ಬಿಡಬೇಕು."

"ನಾನೂ ಬರ್ತೇನೆ" ಎಂದೆ. ಯಾರೂ ನನ್ನನ್ನು ಕರೆದಿರಲಿಲ್ಲ.

ಸರ್ಕಾರಿ ಆಸ್ಪತ್ರೆಯ ಚರ್ಮರೋಗದ ವಿಭಾಗ. ಡಾಕ್ಟರ್ ಬದರಿನಾಥರು ಕನ್ನಡದವರೇ, ಆದರೆ ತಲೆಮಾರುಗಳಿಂದ ಮದ್ರಾಸಿನಲ್ಲಿದ್ದ ಮನೆತನ. ಅರ್ಧ ತಮಿಳು, ಅರ್ಧ ಗದರಿಕೆ.

"ಕಣ್ಣು ಮುಚ್ಚು. ಮುಟ್ಟಿದಾಗ 'ಹ್ಞೂಂ' ಅನ್ನು. ಅವ್ವಳವುದಾನ್, ಅಷ್ಟೇ."

ಮೊದಲು ಹತ್ತಿಯ ಎಳೆ. ಇವರು ಸುಮ್ಮನಿದ್ದರು. ಆಮೇಲೆ ಸೂಜಿ. ಆಗಲೂ ಸುಮ್ಮನೆ. ಬಾಗಿಲಿಗೆ ಒರಗಿ ನಿಂತಿದ್ದ ಭೋಜರಾಜನ ಮುಖ ಅರಳುತ್ತಾ ಬಂತು.

ನಾನು ಇವರ ಕಾಲನ್ನು ನೋಡುತ್ತಿದ್ದೆ. ಸೂಜಿ ಊರಿದಾಗೆಲ್ಲ ಹೆಬ್ಬೆರಳು ಒಳಕ್ಕೆ ಮುದುಡುತ್ತಿತ್ತು. ನನಗೆ ಅರ್ಥವಾಯಿತು. ಭೋಜರಾಜ ನೋಡುತ್ತಿದ್ದಾನೆ. ಅವನ ಕಣ್ಣೆದುರು ಸೂಜಿಯೊಂದಕ್ಕೆ ಬಾಯಿ ಬಿಡುವುದೆಂದರೆ ಕಾವಲಿಯಿಂದ ಬೆರಳು ತೆಗೆದಂತೆ. ಡಾಕ್ಟರರು ಹಿಡಿದ ಸೂಜಿಯೂ ಇವರ ಲೆಕ್ಕದಲ್ಲಿ ಕಾವಲಿಯೇ.

"ಡಾಕ್ಟ್ರೇ, ಇವರಿಗೆ ಗೊತ್ತಾಗ್ತದೆ. ಬೇಕಂತಲೇ ಸುಮ್ಮನಿದ್ದಾರೆ."

"ನೀ ಸುಮ್ಮನಿರಮ್ಮ. ಇಲ್ಲಿಗೆ ಬರೋ ಎಲ್ಲಾ ಹೆಂಡ್ತೀರೂ ಇದನ್ನೇ ಹೇಳ್ತಾರೆ."

"ಅವರ ಕಾಲು ನೋಡಿ."

"ಕಾಲು ನೋಡೋಕೆ ನನಗೆ ಬರತ್ತೆ. ನೀನು ಹೊರಗೆ ಹೋಗ್ತೀಯೋ, ಸುಮ್ಮನೆ ನಿಲ್ತೀಯೋ?"

ಭೋಜರಾಜ ನಕ್ಕ. "ಗುಣವತಿಯಕ್ಕ, ಬಿಡಿ. ಈಗ ಮಾತ್ರೆ ಬಂದಿದೆಯಂತೆ, ಗುಣ ಆಗ್ತದೆ. ಅಲ್ಲಿಯವರೆಗೆ ಒಲೆಯ ಹತ್ತಿರ ಬರಬಾರದು, ಅಷ್ಟೇ."

"ನಿನ್ನ ನಾಲಿಗೆ ಬಿದ್ದುಹೋಗಲಿ" ಎಂದೆ. ಇವರತ್ತ ತಿರುಗಿದೆ. "ಬಾಯಿ ಬಿಡಿ. ನೋವಾದರೆ ನೋವಾಯಿತು ಅಂತ ಹೇಳಿ. ಇಲ್ಲದಿದ್ದರೆ ನಾಳೆ ಹುಡುಗಿಯರನ್ನು ಕಟ್ಟಿಕೊಂಡು ಯಾವ ಛತ್ರದ ಮೆಟ್ಟಿಲ ಮೇಲೆ ಕೂರಲಿ ನಾನು?"

ಇವರು ಕಣ್ಣು ತೆರೆದು ನನ್ನನ್ನು ನೋಡಿದರು. ಆ ನೋಟದಲ್ಲಿ ದಾಕ್ಷಿಣ್ಯವೇ ಇರಲಿಲ್ಲ. "ನೋವಾದರಲ್ಲವಾ ಹೇಳುವುದು" ಎಂದು ಮತ್ತೆ ಕಣ್ಣು ಮುಚ್ಚಿದರು.

ಡಾಕ್ಟರರು ಮಚ್ಚೆಯಿಲ್ಲದ ಬಲತೋಳಿಗೆ ಚುಚ್ಚಿದರು. ಇವರು ಮಾತಾಡಲಿಲ್ಲ. ಕುತ್ತಿಗೆಗೆ ಚುಚ್ಚಿದರು, ಹಣೆಗೆ ಚುಚ್ಚಿದರು. ಕಲ್ಲಿಗೆ ಚುಚ್ಚಿದಂತೆ. ಡಾಕ್ಟರರು ಸೂಜಿಯನ್ನು ತಟ್ಟೆಗೆ ಎಸೆದರು.

"ಎನ್ನಯ್ಯಾ, ಆಟ ಆಡ್ತಿದ್ದೀಯಾ? ಮೈಯೆಲ್ಲಾ ಮರಗಟ್ಟಿದೋನು ಮೆಟ್ಟಿಲು ಹತ್ತಿ ಬಂದದ್ದು ಹೇಗೆ? ಹೊರಗೆ ಇನ್ನೂ ಎಷ್ಟು ಜನ ಕೂತಿದ್ದಾರೆ ಗೊತ್ತಾ?" ಪುಟ್ಟ ಸೀಸೆಯೊಂದನ್ನು ತೆಗೆದು ಮಚ್ಚೆಯ ಮೇಲೆ ಒಂದು ಹನಿ, ಬರಿಯ ಚರ್ಮದ ಮೇಲೆ ಒಂದು ಹನಿ ಹಾಕಿದರು. ಎರಡೂ ಹನಿಗಳ ಮೂಲಕ ಹಗುರಾಗಿ ಚುಚ್ಚಿ ಒರೆಸಿದರು. "ನಿನ್ನ ಬಾಯಿ ನನಗೆ ಬೇಕಿಲ್ಲ. ನರ ಬದುಕಿದ್ದರೆ ಸುತ್ತ ಕೆಂಪಗಾಗತ್ತೆ. ಸತ್ತಿದ್ದರೆ ಆಗಲ್ಲ. ಹಲ್ಲು ಕಚ್ಚಿಕೊಂಡಿದ್ದರೆ ಚರ್ಮ ನಿನ್ನ ಮಾತು ಕೇಳತ್ತಾ, ನೋಡೋಣ."

ಕಾದೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಬರಿಯ ಚರ್ಮ ಮೊದಲು ಕೆಂಪಾಯಿತು. ಮಚ್ಚೆ ಬೆಳ್ಳಗೆ ಹಾಗೆಯೇ ಇತ್ತು. ನಾನು ಸೆರಗನ್ನು ಹಿಂಡಿಕೊಂಡು ನಿಂತೆ. ಆಮೇಲೆ ಅಲ್ಲಿಯೂ ಚುಚ್ಚಿದ ಕಡೆ ಸಣ್ಣದೊಂದು ಗುಳ್ಳೆ ಎದ್ದು, ಅದರ ಸುತ್ತ ಕೆಂಪು ಮೆಲ್ಲನೆ ಹರಡಿಕೊಂಡು ಮಚ್ಚೆಯ ಅಂಚನ್ನೂ ದಾಟಿತು. ಇವರು ಅದನ್ನು ತಮ್ಮ ತೋಳೇ ಅಲ್ಲವೆಂಬಂತೆ ನೋಡುತ್ತಿದ್ದರು.

"ಕುಷ್ಠವೂ ಇಲ್ಲ, ಮಣ್ಣೂ ಇಲ್ಲ. ಇದು ತೇಮಲ್. ನಿಮ್ಮ ಕಡೆ ಚಿಬ್ಬು ಅಂತೀರಲ್ಲ, ಅದು. ಬೆವರಿನಲ್ಲಿ ನಿಂತು ನಿಂತು ಬಂದದ್ದು, ಮುಲಾಮು ಹಚ್ಚು. ಸೂಜಿ ಚುಚ್ಚಿದ್ದು ಮೊದಲಿನಿಂದಲೂ ಗೊತ್ತಾಗ್ತಿತ್ತು ಈ ಮನುಷ್ಯನಿಗೆ. ಪೋ, ಎಲ್ಲರೂ ಹೊರಡಿ!"

ಮೆಟ್ಟಿಲಿಳಿದು ಬೀದಿಗೆ ಬಂದೆವು. ಇವರು ಮುಂದೆ ಮುಂದೆ ನಡೆದರು. ಬಸ್ಸಿನ ನಿಲ್ದಾಣದಲ್ಲಿ ಭೋಜರಾಜ ನಮ್ಮೆದುರು ಬಂದು ನಿಂತ.

"ಸುಬ್ರಾಯಣ್ಣ, ಧಣಿಗಳಿಗೆ ನಾನು ಎಂತ ಹೇಳಲಿ?"

"ಡಾಕ್ಟರು ಹೇಳಿದ್ದನ್ನು ಹೇಳು."

"ಚರ್ಮ ಕೆಂಪಗಾಯಿತು ಅಂದರೆ ಧಣಿಗಳಿಗೆ ಎಂತ ತಿಳೀತದೆ? ನನಗೇ ತಿಳೀಲಿಲ್ಲ. ನಾನು ಕಂಡದ್ದು ಇಷ್ಟೇ. ಸೂಜಿ ಹಾಕಿದರು, ನೀವು ಅಲ್ಲಾಡಲಿಲ್ಲ. ಅದನ್ನೇ ಹೇಳಿದರೆ ಅವರು ನಿಮ್ಮನ್ನು ಒಳಗೆ ಬಿಡ್ತಾರಾ? ನೀವು ನಿಮ್ಮ ಬಾಯಲ್ಲಿ ಹೇಳಿ. ನೋವಾಯಿತಾ, ಇಲ್ಲವಾ?"

ಇವರು ರಸ್ತೆಯತ್ತ ಮುಖ ತಿರುಗಿಸಿದರು. ನಮ್ಮ ಬಸ್ಸು ಬಂದು ನಿಂತಿತು. ಜನ ಇಳಿದರು, ಜನ ಹತ್ತಿದರು, ಬಸ್ಸು ಹೋಯಿತು. ಭೋಜರಾಜ ಅವಸರವಿಲ್ಲದೆ ನಿಂತೇ ಇದ್ದ. ಅವನಿಗೆ ಇವರ ಒಲೆಗಿಂತ ಇದೇ ಹೆಚ್ಚು ಬೇಕಾಗಿತ್ತು.

"ಅವನ ಕಾಲಿಗೆ ಬೀಳಿ ಅಂತ ಹೇಳುತ್ತಿಲ್ಲ. ನಿಜ ಹೇಳಿ ಅಂತಿದ್ದೇನೆ" ಎಂದೆ. "ಆಗದಿದ್ದರೆ ಈಗಲೇ ಹೇಳಿಬಿಡಿ. ನಾನು ಹೋಗಿ ಪಾತ್ರೆಪಗಡೆ ಕಟ್ಟುತ್ತೇನೆ."

ಇವರ ದವಡೆ ಅಲುಗಿತು.

"ನೋವಾಯಿತು."

"ಕೇಳಿಸಲಿಲ್ಲ, ಸುಬ್ರಾಯಣ್ಣ."

"ನೋವಾಯಿತೋ! ಪ್ರತಿ ಸಲವೂ ನೋವಾಯಿತು! ಸಾಕಾ?"

ಹೂ ಮಾರುವವಳು ಕಟ್ಟುತ್ತಿದ್ದ ಕೈ ನಿಲ್ಲಿಸಿ ನೋಡಿದಳು. ಭೋಜರಾಜ ತಲೆಯಾಡಿಸಿದ. "ಸಾಕು. ಧಣಿಗಳಿಗೆ ಸರಿಯಾಗಿಯೇ ಹೇಳ್ತೇನೆ. ಒಲೆ ನಿಮ್ಮದೇ. ಅಡಿಗೆಮನೆಯವರಿಗೂ ಹೇಳ್ತೇನೆ." ಅವನು ತಿರುವಲ್ಲಿಕ್ಕೇಣಿಯ ಕಡೆಗೆ ನಡೆದೇ ಹೊರಟ. ಬೆನ್ನು ನೋಡಿದರೇ ಅವನು ನಗುತ್ತಿದ್ದುದು ತಿಳಿಯುತ್ತಿತ್ತು.

ಅವನು ಕಣ್ಮರೆಯಾದ ಮೇಲೆ ಇವರು ನನ್ನತ್ತ ತಿರುಗಿದರು.

"ನೀನು ಬರಬಾರದಿತ್ತು."

"ಹ್ಞಾಂ, ಬರಬಾರದಿತ್ತು. ಬರದಿದ್ದರೆ ನಾಳೆಯಿಂದ ಅವನು ನಿಮ್ಮ ಕಾವಲಿಯ ಮುಂದೆ ನಿಲ್ಲುತ್ತಿದ್ದ. ಆಗ ನಿಮಗೆ ಸಮಾಧಾನ ಆಗುತ್ತಿತ್ತಾ?"

ಇವರು ಹೆಗಲ ಬಟ್ಟೆಯನ್ನು ಎಳೆದು ಎಡತೋಳನ್ನು ಮುಚ್ಚಿಕೊಂಡರು. ನನಗೆ ಮೆಲ್ಲನೆ ಅನ್ನಿಸಿತು, ಹೌದು, ಆಗುತ್ತಿತ್ತು. ಎರಡನೇ ಬಸ್ಸು ಬಂತು. ಇವರು ಹತ್ತಿ ಗಂಡಸರ ಕಡೆಯ ಸೀಟಿನಲ್ಲಿ ಕಿಟಕಿಯತ್ತ ಮುಖ ಮಾಡಿ ಕುಳಿತರು; ನಾನು ಹಿಂದಿನಿಂದ ಹತ್ತಿ ಹೆಂಗಸರ ಕಡೆ ಕುಳಿತೆ. ಕಂಡಕ್ಟರ್ ಬಂದು ಕೇಳಿದಾಗ ತಮಗೊಂದೇ ಟಿಕೆಟು ತೆಗೆದುಕೊಂಡರು.