ಸೇತುವೆಯ ಮೇಲಿನ ಕೂರಿಗೆ

ನಸ್ರೀನ್ ಬುರ್ಖಾದ ತೋಳನ್ನು ಮೊಣಕೈವರೆಗೆ ಏರಿಸಿಕೊಂಡು ಕೂರಿಗೆಯ ಅಡಿಗೆ ತೂರಿದಾಗ, ಅವಳ ಅಪ್ಪನ ಜನಾಜಾ ಹತ್ತು ಮಾರು ದೂರದಲ್ಲಿ ನಾಲ್ಕು ಹೆಗಲುಗಳ ಮೇಲೆ ಕಾಯುತ್ತ ನಿಂತಿತ್ತು. ಕೆಳಗಿಳಿಸಲು ಯಾರಿಗೂ ಮನಸ್ಸಿರಲಿಲ್ಲ. ಹೆಗಲುಗಳು ಮಾತ್ರ ಬದಲಾಗುತ್ತಿದ್ದವು.

ಗೊರೇಬಾಳದ ಕಬರಸ್ತಾನ ಕಾಲುವೆಯ ಆಚೆ; ದಾಟಲು ಇರುವುದು ಒಂದೇ ಕಿರುಸೇತುವೆ. ಅದರ ನಡುವೆ, ವೆಂಕೋಬನ ಟ್ರ್ಯಾಕ್ಟರಿನ ಹಿಂದೆ, ಭತ್ತ ಬಿತ್ತುವ ಕೂರಿಗೆಯೊಂದು ಎರಡು ಗಾಲಿಗಳನ್ನು ಎರಡು ಕಟ್ಟೆಗಳಿಗೆ ಒತ್ತಿಕೊಂಡು, ಹಿಂದೆಯೂ ಹೋಗದೆ ಮುಂದೆಯೂ ಬಾರದೆ ಕೂತಿತ್ತು. ಸಾವಿನ ಸುದ್ದಿ ಹೊಲದಲ್ಲೇ ಮುಟ್ಟಿ, ಮಣ್ಣಿಗೆ ತಡವಾದೀತೆಂದು ಅವನು ಗಾಲಿಗಳನ್ನು ಒಳಗೆ ಸರಿಸದೆ ಹಾಗೇ ಹೊರಟುಬಂದಿದ್ದ. ಹೊಲದಲ್ಲಿ ಅಗಲ, ರಸ್ತೆಯಲ್ಲಿ ಕಿರಿದು ಎಂದು ಅವನಿಗೆ ಹೇಳಿ ಹೇಳಿ ಸಾಕಾದವರು ಇಸ್ಮಾಯಿಲ್‌ಸಾಬ್. ಆ ಕೂರಿಗೆ ಮಾಡಿಕೊಟ್ಟವರೂ ಅವರೇ. ಈಗ ಅದೇ ಜನಾಜಾದಲ್ಲಿ, ಬೈಯಲಾರದ ಸ್ಥಿತಿಯಲ್ಲಿ ಮಲಗಿದ್ದರು.

“ಅರ್ಧಾ ತಾಸಾತು ಬಡ್ಯಾಕತ್ತೀನಿ ಆಪಾ, ಒಂದ ಕೂದಲ ಸರಿಯವಲ್ದು,” ಎಂದ ತಮ್ಮ ಅಖ್ತರ್. ಲಿಂಗಸೂಗೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟ ಅವನಿಗೆ ಸುತ್ತಿಗೆಯ ಪರಿಚಯ ಅಷ್ಟಕ್ಕಷ್ಟೆ. ಅದಕ್ಕೇ ಮನೆಗೆ ಫೋನ್ ಮಾಡಿದ್ದ. ನಸ್ರೀನ್ ಅಪ್ಪನ ಷೆಡ್ಡಿನಿಂದ ಜಾಕು, ಹ್ಯಾಕ್ಸಾ ಗರಗಸ, ಗಾಲಿಯ ಎರಡು ಪಿನ್ನು ಎತ್ತಿಕೊಂಡು, ನೆರೆಮನೆಯ ಇಶ್ತಿಯಾಕನ ಬೈಕಿನಲ್ಲಿ ಬಂದಿದ್ದಳು.

“ಜನಾಜಾದ ಹಿಂದ ಹೆಣ್ಮಕ್ಳು ಬರಬಾರ್ದು,” ಎಂದು ಹಿರಿಯರೊಬ್ಬರು ಗೊಣಗಿದರು.

“ಹಿಂದ ಎಲ್ಲದಾಳ್ರಿ ಚಾಚಾ, ಮುಂದ ಅದಾಳ,” ಎಂದ ಇಶ್ತಿಯಾಕ್. “ಬ್ಯಾಡ ಅಂದ್ರ ನೀವ ಅಡಿಗಿ ಹೊಕ್ರಿ.”

ಹಿರಿಯರು ಟೋಪಿ ಸರಿಮಾಡಿಕೊಂಡರು.

ಮಸ್ಕಿಯಿಂದ ಬಂದಿದ್ದ ರೈತನೊಬ್ಬ ಪಕ್ಕದವನಿಗೆ ಹೇಳುವಂತೆ ಎಲ್ಲರಿಗೂ ಹೇಳಿದ: “ಇಸ್ಮಾಯಿಲ್‌ಸಾಬ್ರ ಗಾಲಿ ಮೂವತ್ತ ವರ್ಷದಾಗ ಒಮ್ಮೆರ ಕೈ ಕೊಟ್ಟಿಲ್ಲಂತಿದ್ರು. ಕೊಟ್ಟಿದ್ದೂ ಇವತ್ತ ನೋಡ್ರಿ.”

ಮಾತು ಕೂರಿಗೆಯ ಅಡಿಯವರೆಗೂ ಬಂತು. ಅಪ್ಪ ಹೊಲ ಗಳಿಸಿದವರಲ್ಲ, ಎರಡಂತಸ್ತಿನ ಮನೆ ಕಟ್ಟಿದವರಲ್ಲ. ಗಾಲಿ ಕೈ ಕೊಡಲಿಲ್ಲ ಎಂಬ ಒಂದು ಮಾತು ಅವರದಿತ್ತು. ಸಂಜೆಯೊಳಗೆ ಸಿಂಧನೂರಿನ ಚಹಾದಂಗಡಿಗಳಲ್ಲಿ ಅವರು, ತಾವೇ ಮಾಡಿದ ಗಾಲಿ ತಮ್ಮನ್ನೇ ಗೋರಿಗೆ ಬಿಡದ ಮನುಷ್ಯರಾಗಿ ಉಳಿಯುತ್ತಿದ್ದರು. ನಸ್ರೀನ್ ಇನ್ನಷ್ಟು ಒಳಗೆ ತೂರಿದಳು.

*

ಮೊದಲ ಕೂರಿಗೆಯನ್ನು ಇಸ್ಮಾಯಿಲ್‌ಸಾಬ್ ಷೆಡ್ಡಿನೊಳಗೇ ಕಟ್ಟಿದ್ದರು. ಬಣ್ಣ ಬಳಿದು, ಲೋಬಾನದ ಹೊಗೆ ಹಾಕಿ, ಹೊರಗೆಳೆಯಲು ಹೋದರೆ ಕೂರಿಗೆ ಬಾಗಿಲಿಗಿಂತ ಒಂದು ಗೇಣು ಅಗಲ. ಗೋಡೆ ಒಡೆಯಲು ಹಾರೆ ತಂದರು.

“ಗ್ವಾಡಿಗೆ ಯಾಕ ಬಡೀತೀರಿ, ಅದೇನ ಮಾಡೈತಿ?” ಎಂದಳು ಹೆಂಡತಿ ಸರ್ದಾರಬಿ. “ನಿಮ್ಮ ಮಷೀನ ಸಣ್ಣದ ಮಾಡ್ರಿ.”

ಎರಡು ದಿನ ಅವರು ಅವಳೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಒಂದು ಚೌಕ ಕೊಳವೆಯೊಳಗೆ ಇನ್ನೊಂದನ್ನು ತೂರಿಸಿ, ಸಾಲಾಗಿ ತೂತು ಕೊರೆದರು. ತೂತಿಗೆ ಹಾಕಿದ ಪಿನ್ನು ಕಿತ್ತರೆ ಗಾಲಿ ಒಳಗೂ ಹೊರಗೂ ಜಾರುತ್ತಿತ್ತು. ಲಿಂಗಸೂಗೂರಿನ ತೊಗರಿಗೆ ಒಂದು ತೂತು, ಮಸ್ಕಿಯ ಹತ್ತಿಗೆ ಒಂದು, ಎಲ್ಲಕ್ಕಿಂತ ಒಳಗಿನದು ರಸ್ತೆಗೆ. ಪಿನ್ನುಗಳ ತಲೆಗೆ ಕಬ್ಬಿಣದ ಬಳೆ ಬೆಸೆಯುವ ಕೆಲಸ ಆಮೇಲೆ ಮಗಳದಾಯಿತು. ಈ ಉಪಾಯ ಯಾರದೆಂದು ಕೇಳಿದವರಿಗೆ ಇಸ್ಮಾಯಿಲ್‌ಸಾಬ್ “ಬಾಗಲದ್ದು” ಎನ್ನುತ್ತಿದ್ದರು. ಹೆಂಡತಿಯ ಹೆಸರಿನವರೆಗೆ ಅವರ ವಿನಯ ಎಂದೂ ಹೋಗಲಿಲ್ಲ.

*

ಕೆಸರಿನೊಳಗೆ ನಸ್ರೀನಳ ಬೆರಳು ನುಣುಪು ಪಿನ್ನನ್ನು ಹುಡುಕಿತು. ಸಿಕ್ಕಿದ್ದು ಗೆರೆಗೆರೆಯ ಸರಳು. ಮನೆಯ ಛತ್ತಿಗೆ ಕಾಂಕ್ರೀಟು ಹಾಕಿದಾಗ ಉಳಿದ ತುಂಡು. ಎರಡೂ ತುದಿಗಳನ್ನು ಬಡಿದು ಬಗ್ಗಿಸಲಾಗಿತ್ತು. ಇನ್ನೊಂದು ಗಾಲಿಗೂ ಅದೇ.

“ಕಾಕಾ,” ಎಂದಳು ಅಡಿಯಿಂದಲೇ, ಎಲ್ಲರಿಗೂ ಕೇಳುವಂತೆ. “ಇದು ನಮ್ಮ ಪಿನ್ನಲ್ಲ. ನಮ್ಮ ಪಿನ್ನ ಎಲ್ಲಿ?”

ವೆಂಕೋಬ ರುಮಾಲು ಬಿಚ್ಚಿ ಮತ್ತೆ ಸುತ್ತಿದ. “ಎಮ್ಮಿ ಕಟ್ಟೀನವ್ವ.”

“ಏನಂದ್ರಿ?”

“ತಲ್ಯಾಗ ಬಳಿ ಐತೆಲ್ಲ, ಹಗ್ಗ ಕಟ್ಟಾಕ ಛಲೋ ಆಕೈತಿ. ಎರಡ ಎಮ್ಮಿ, ಎರಡ ಪಿನ್ನು. ಮದಲಿನ ಗೂಟ ವಾರಕ್ಕೊಂದ ಕೀಳತಿದ್ವು. ನಿಮ್ಮಪ್ಪಂದು ಒಂದ ದಿನ ಅಲ್ಲಾಡಿಲ್ಲ, ಆಣಿ ಮಾಡಿ ಹೇಳ್ತೀನಿ.”

ನಗು ಮೊದಲು ಶುರುವಾದದ್ದು ಜನಾಜಾದ ಕೋಲು ಹೊತ್ತವರಲ್ಲಿ. ಹಿರಿಯರು “ಶ್!” ಎಂದರು, ಆದರೆ ಅವರ ಗಡ್ಡವೂ ಅಲುಗುತ್ತಿತ್ತು.

“ಹಂಗಾರ ಕೈ ಕೊಟ್ಟಿದ್ದು ಗಾಲಿ ಅಲ್ರಿ, ಈ ವೆಂಕೋಬ,” ಎಂದು ಮಸ್ಕಿಯವನು ತನ್ನ ಮಾತನ್ನು ತಾನೇ ತಿದ್ದಿದ.

ಜಾಕು ಏರಿತು. ಬಗ್ಗಿದ ತುದಿಗಳನ್ನು ಹ್ಯಾಕ್ಸಾ ಕತ್ತರಿಸಿತು. ಅಖ್ತರ್ ಎರಡು ಏಟು ಹಾಕಿದ್ದಕ್ಕೆ ಸರಳು ಕಳಚಿಬಿತ್ತು. ನಸ್ರೀನ್ ಅಂಗೈಯಿಂದ ದೂಡಿದಳು. ಗಾಲಿ ತಕರಾರಿಲ್ಲದೆ ಒಳಗೆ ಜಾರಿತು. ಎರಡನೆಯದಕ್ಕೂ ಹೆಚ್ಚು ಹೊತ್ತು ಹಿಡಿಯಲಿಲ್ಲ. ರಸ್ತೆಯ ತೂತಿಗೆ ಪಿನ್ನುಗಳು ಕೂತವು.

ವೆಂಕೋಬ ಟ್ರ್ಯಾಕ್ಟರನ್ನು ಸೇತುವೆ ದಾಟಿಸಿ, ದಾರಿಯ ಅಂಚಿಗೆ ಒತ್ತಿ ನಿಲ್ಲಿಸಿ, ಕೆಳಗಿಳಿದು ಕೈ ಮುಗಿದ. ಹೊತ್ತವರ ಕಲಿಮಾ ಪಠಣ ಮತ್ತೆ ಎದ್ದಿತು. ಜನಾಜಾ ಕೂರಿಗೆಯ ಪಕ್ಕದಿಂದ ಹಾಯುವಾಗ ಇಳಿಬಿದ್ದಿದ್ದ ಚಾದರದ ಅಂಚಿಗೆ ಗಾಲಿಯ ಹಸಿ ಕೆಸರು ತಾಗಿ, ಗೇಣುದ್ದದ ಕಪ್ಪು ಗೆರೆ ಮೂಡಿತು. ಒರೆಸಲೆಂದು ಅಖ್ತರ್ ಕೈ ಎತ್ತಿದ. ಸೇತುವೆಯ ಮೇಲೆ ನಿಂತಿದ್ದ ಅಕ್ಕ ಬೇಡವೆಂದು ತಲೆಯಾಡಿಸಿದ್ದು ನೋಡಿ, ಆ ಕೈಯನ್ನು ಹಾಗೇ ಕೋಲಿಗೆ ಕೊಟ್ಟ.