ಕುರ್ಚಿ ಹಾಕುವ ನಕ್ಷೆ

ನಲವತ್ತೊಂದು ದೇಶಗಳ ನಗರ ಯೋಜಕರ ಸಂಘಗಳೆಲ್ಲ ಸೇರಿದ ಮಹಾಸಂಘದ ವಾರ್ಷಿಕ ಸಭೆಯಲ್ಲಿ ಬೆಳಿಗ್ಗೆ ಹತ್ತರಿಂದ ಯಾರೂ ಕೂತಿರಲಿಲ್ಲ. ಕುರ್ಚಿಗೇನೂ ಬರವಿರಲಿಲ್ಲ, ಗೋಡೆಯ ಪಕ್ಕ ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಆದರೆ ಆಸನಗಳ ನಕ್ಷೆಗೆ ಮಂಜೂರಾತಿ ಸಿಗುವವರೆಗೆ ಒಂದು ಕುರ್ಚಿಯನ್ನೂ ಮುಟ್ಟಬಾರದು, ಆಮೇಲೂ ನಕ್ಷೆಯಲ್ಲಿ ತೋರಿಸಿದ ಕಡೆ ಮಾತ್ರ ಹಾಕಬೇಕು ಎಂದು ನಿಯಮ. ಆ ನಿಯಮ ಬರೆದ ಮಹಾನುಭಾವ ಕಾರ್ಯದರ್ಶಿಯೇ. ತಾನು ತೋಡಿದ ಗುಂಡಿಗೆ ತಾನೇ ಬೀಳುವುದೆಂದರೆ ಇದು.

ಯಾಕೆಂದರೆ ಬಾಗಿಲ ಬಳಿ ಕೋಲೂರಿ ನಿಂತಿದ್ದವರು ಅವನ ಮಾವ. ಮಹಾಸಂಘ ಕಟ್ಟಿದವರು ಅವರು. ಇವತ್ತು ಅವರಿಗೇ ಸನ್ಮಾನ. ನಲವತ್ತು ವರ್ಷ ಅವರು ಬರೆದ ಊರುಗಳ ನಕ್ಷೆಗಳನ್ನು ದಪ್ಪ ಬೈಂಡು ಹಾಕಿಸಿ ಪ್ರದರ್ಶನಕ್ಕಿಟ್ಟಿದ್ದರು. ಅದರಲ್ಲಿ ಒಂದೂ ಜಾರಿಯಾಗಿರಲಿಲ್ಲ, ಆ ಮಾತು ಬೇರೆ. ಮಾವನ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. "ಅಪ್ಪನ್ನ ಹತ್ತು ನಿಮಿಷ ನಿಲ್ಲಿಸಿದ್ರೋ, ಮನೆ ಕಡೆ ತಲೆ ಹಾಕ್ಬೇಡಿ," ಎಂದು ಹೆಂಡತಿ ಹೇಳಿ ಕಳಿಸಿದ್ದಳು. ಈಗ ಅವರು ನಿಂತು ಒಂದೂವರೆ ಗಂಟೆ ಕಳೆದಿತ್ತು.

ಕಾರ್ಯದರ್ಶಿ ನಕ್ಷೆ ಹರಡಿ ಆಕ್ಷೇಪಣೆ ಕೇಳಿದ. ಎತ್ತು ಏರಿಗೆ, ಕೋಣ ನೀರಿಗೆ. ಒಬ್ಬರಿಗೆ ನಡುವಿನ ಓಣಿ ಅಗಲವಾಗಬೇಕು. ಇನ್ನೊಬ್ಬರು, ಮುಂದಿನ ಇಪ್ಪತ್ತು ವರ್ಷದಲ್ಲಿ ಸದಸ್ಯರು ದಪ್ಪಗಾಗುವ ಸಂಭವವಿದೆ, ಅದಕ್ಕೂ ಜಾಗ ಬಿಡಿ ಎಂದರು. ಗಡ್ಡದ ಸದಸ್ಯರೊಬ್ಬರಿಗೆ ಉದ್ಯಾನ ಬೇಕಿತ್ತು. ಕೇಳಿದವರಿಗೆಲ್ಲ ಕೊಟ್ಟು, ಗೆರೆ ಅಳಿಸಿ ಗೆರೆ ಎಳೆದು, ಹನ್ನೆರಡಕ್ಕೆ ನಕ್ಷೆ ಸರ್ವಾನುಮತದಿಂದ ಪಾಸಾಯಿತು. ಚಪ್ಪಾಳೆಯೋ ಚಪ್ಪಾಳೆ! ಆಮೇಲೆ ನೋಡಿದರೆ ಕುರ್ಚಿಗೆ ಮಾತ್ರ ಜಾಗವಿರಲಿಲ್ಲ.

"ಮುಂದಿನ ವರ್ಷ ತಿದ್ದುಪಡಿ ತರೋಣ ಬಿಡಿ," ಎಂದರು ಅಧ್ಯಕ್ಷರು, ಕಾಲು ಬದಲಿಸುತ್ತಾ.

ಮಾವನ ಮುಖ ಬಿಳಿಚಿಕೊಂಡಿತ್ತು. ಆದರೂ ಬಾಯಿ ಬಿಟ್ಟು ಕೇಳುವ ಜೀವವಲ್ಲ ಅದು. ಕಾರ್ಯದರ್ಶಿ ಪೇರಿಸಿಟ್ಟ ಕುರ್ಚಿಗಳತ್ತ ನಡೆದ. ಒಂದನ್ನು ಎಳೆಯಲು ಹೋದರೆ, ನಿಯಮ ಬರೆದ ಕೈ ಮುಂದೆ ಬರಲೊಲ್ಲದು. ಕೊನೆಗೆ ಪ್ರದರ್ಶನದ ಮೇಜಿಗೆ ಹೋಗಿ ಮಾವನ ದಪ್ಪ ಸಂಪುಟಗಳನ್ನು ಹೊತ್ತು ತಂದು, ಗೋಡೆಗೆ ಒತ್ತಿ ಒಂದರ ಮೇಲೊಂದು ಸೊಂಟದ ಹತ್ತಿರದವರೆಗೂ ಒಟ್ಟಿದ.

"ಆಕ್ಷೇಪಣೆ!" ಎಂದರು ಗಡ್ಡದವರು. "ಅದು ಉದ್ಯಾನದ ಜಾಗ!"

ಕಾರ್ಯದರ್ಶಿ ತಿರುಗಿಯೂ ನೋಡಲಿಲ್ಲ. ಮಾವನ ರಟ್ಟೆ ಹಿಡಿದು ಮೆಲ್ಲಗೆ ಕೂರಿಸಿದ. ಮಾವ ಕಾಲು ಚಾಚಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರು ಬಿಟ್ಟರು.

"ಎಲ್ಲಾ ನಂದೇನಾ?"

"ಎಲ್ಲಾ ನಿಮ್ಮದೇ, ಮಾವ. ಹದಿನಾಲ್ಕು ಊರು."

ಮಾವ ಸಂಪುಟಗಳ ಅಂಚನ್ನು ಕೈಯಿಂದ ಸವರಿದರು.

"ಪರವಾಗಿಲ್ಲ ಅಳಿಯಂದ್ರೇ," ಎಂದರು. "ಅಂತೂ ಒಬ್ಬನಿಗಾದ್ರೂ ನೆಲೆ ಆಯ್ತು."